ಹಲಗೆ, ಹಗ್ಗ, ಹದಿನೈದು ವರ್ಷದ ಗುಟ್ಟು

ಅಕ್ಟೋಬರ್ ಬಂತೆಂದರೆ ಕಲ್ಯಾಣ್–ಶಿಳ್ ರಸ್ತೆಯ ಆಚೀಚೆ, ಕಟ್ಟಡಗಳ ಸಂದಿಯಲ್ಲಿ ಇನ್ನೂ ಉಳಿದುಕೊಂಡಿರುವ ಗದ್ದೆಗಳಲ್ಲಿ ಭತ್ತ ಬಲಿಯುತ್ತದೆ. ಮುಂಗಾರು ಮರಳಿ ಹೋಗುವ ಮುನ್ನ ಒಂದು ರಾತ್ರಿ ಗಾಳಿ ಸಮೇತ ಹೊಡೆದರೆ ಸಾಕು, ತೆನೆಯ ಭಾರಕ್ಕೆ ಬಾಗಿದ್ದ ಪೈರು ಅಲ್ಲಲ್ಲಿ ಅಡ್ಡ ಬೀಳುತ್ತದೆ. ಮಲಂಗಗಡದ ಇಳಿಜಾರಿನಿಂದಲೋ ಡೊಂಬಿವಲಿಯ ಎತ್ತರದ ಮಹಡಿಯಿಂದಲೋ ನೋಡಿದವರಿಗೆ ಆ ಜಾಗ ಉರುಟಾಗಿ ಕಾಣಲೂಬಹುದು. ಗದ್ದೆಯ ಒಡೆಯನಿಗೆ ಅದು ನಷ್ಟದ ಲೆಕ್ಕ. ಮೊಬೈಲಿನಲ್ಲಿ ಫೋಟೊ ನೋಡಿದವರಿಗೆ ಮಾತ್ರ ಆಕಾಶದಿಂದ ಏನೋ ಇಳಿದು ಹೋದ ಗುರುತು.

ಪೈರಿನಲ್ಲಿ ಮೂಡುವ ವೃತ್ತವನ್ನು ಮೇಲಿನಿಂದ ನೋಡಿ ಫೋಟೊ ತೆಗೆಯುವ ಹವ್ಯಾಸಕ್ಕೆ ನೂರು ವರ್ಷದ ಚರಿತ್ರೆಯಿದೆ. ಅದರ ತವರು ದಕ್ಷಿಣ ಇಂಗ್ಲೆಂಡಿನ ವಿಲ್ಟ್‌ಷೈರ್ ಮತ್ತು ಹ್ಯಾಂಪ್‌ಷೈರ್ ಎಂಬ ಅಕ್ಕಪಕ್ಕದ ಎರಡು ಸೀಮೆಗಳು. ಅಲ್ಲಿನ ಗೋಧಿ ಹೊಲಗಳು ಎರಡು ಆವಿಷ್ಕಾರಗಳನ್ನು ಕೊಟ್ಟವು. ಒಂದು ನಾಲ್ಕೂವರೆ ಸಾವಿರ ವರ್ಷದ ಹಿಂದಿನದನ್ನು ಹೊರಗೆಳೆಯಿತು. ಇನ್ನೊಂದು, ಇಬ್ಬರು ಗೆಳೆಯರ ಹದಿನೈದು ವರ್ಷದ ಗುಟ್ಟನ್ನು ಬಯಲು ಮಾಡಿತು.

ವಿಮಾನದಿಂದ ಕಂಡ ಚುಕ್ಕೆಗಳು

1925ರ ಡಿಸೆಂಬರಿನಲ್ಲಿ ಬ್ರಿಟಿಷ್ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಗಿಲ್ಬರ್ಟ್ ಇನ್ಸಾಲ್ ಸ್ಟೋನ್‌ಹೆಂಜ್ ಬಳಿ ಹಾರುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಪೈಲಟ್ ಅವರು. ಸುಮಾರು ಎರಡು ಸಾವಿರ ಅಡಿ ಎತ್ತರದಿಂದ ನೋಡಿದಾಗ, ಸ್ಟೋನ್‌ಹೆಂಜ್‌ನಿಂದ ಮೂರು ಕಿಲೋಮೀಟರಿನಷ್ಟು ದೂರದ ಉತ್ತ ಹೊಲವೊಂದರಲ್ಲಿ ಮಸುಕಾದ ಉಂಗುರ, ಅದರ ನಡುವೆ ಬಿಳಿ ಗುರುತುಗಳು ಕಂಡವು. ನೆಲದ ಮೇಲೆ ನಿಂತವರಿಗೆ ಅಲ್ಲಿ ಇದ್ದದ್ದು ನೇಗಿಲು ಸವೆಸಿದ ಹಳೆಯ ದಿಬ್ಬ ಮಾತ್ರ.

ಇನ್ಸಾಲ್ ಫೋಟೊ ತೆಗೆದು ಸುಮ್ಮನಾಗಲಿಲ್ಲ, ಬೆಳೆ ಬರಲೆಂದು ಕಾದರು. 1926ರ ಜುಲೈಯಲ್ಲಿ ಗೋಧಿ ಎತ್ತರಕ್ಕೆ ಬೆಳೆದಾಗ ಮತ್ತೆ ಹಾರಿದರು. ಈ ಸಲ ಉಂಗುರದೊಳಗೆ ಉಂಗುರವಾಗಿ ಜೋಡಿಸಿಟ್ಟ ಕಪ್ಪು ಚುಕ್ಕೆಗಳು ಸ್ಪಷ್ಟವಾಗಿ ಕಂಡವು. ಹಿಂದೊಮ್ಮೆ ಗುಂಡಿ ತೋಡಿ ಮುಚ್ಚಿದ ಕಡೆ ಮಣ್ಣು ಆಳವಾಗಿರುತ್ತದೆ, ತೇವ ಹೆಚ್ಚು ದಿನ ನಿಲ್ಲುತ್ತದೆ. ಅದರ ಮೇಲಿನ ಪೈರು ಎತ್ತರವಾಗಿ, ಕಡುಹಸಿರಾಗಿ ಬೆಳೆದು ತಡವಾಗಿ ಹಣ್ಣಾಗುತ್ತದೆ. ಅಡಿಯಲ್ಲಿ ಕಲ್ಲಿನ ಗೋಡೆಯಿದ್ದರೆ ಪೈರು ಗಿಡ್ಡಾಗಿ ಬೇಗ ಹಳದಿಯಾಗುತ್ತದೆ. ಹೀಗೆ ಬೆಳೆಯೇ ನೆಲದಡಿಯ ನಕ್ಷೆಯನ್ನು ಮೇಲಕ್ಕೆತ್ತಿ ತೋರಿಸುತ್ತದೆ.

ಆದರೂ ಫೋಟೊ ಹೇಳಿದ್ದು ಅರ್ಧ ಮಾತು. ಮಿಕ್ಕರ್ಧವನ್ನು ಪೂರ್ತಿ ಮಾಡಿದವರು ಮಾಡ್ ಕನ್ನಿಂಗ್ಟನ್ ಮತ್ತು ಅವರ ಗಂಡ ಬೆನ್. 1926ರಿಂದ ಕೆಲವು ವರ್ಷ ಅವರು ಆ ಹೊಲವನ್ನು ಅಗೆದರು. ಪ್ರತಿ ಕಪ್ಪು ಚುಕ್ಕೆಯ ಅಡಿಯಲ್ಲೂ ಮರದ ಕಂಬ ನೆಟ್ಟಿದ್ದ ಗುಂಡಿ ಸಿಕ್ಕಿತು. ಆರು ಸುತ್ತು ಕಂಬಗಳ ಆ ಜಾಗಕ್ಕೆ ವುಡ್‌ಹೆಂಜ್ ಎಂದು ಹೆಸರಾಯಿತು. ಇವತ್ತು ಪ್ರತಿ ಗುಂಡಿಯ ಜಾಗದಲ್ಲೂ ಕಾಂಕ್ರೀಟ್ ಕಂಬ ನೆಟ್ಟಿದ್ದಾರೆ, ಯಾರು ಬೇಕಾದರೂ ಹೋಗಿ ನೋಡಬಹುದು. ಇದೇ ಕಾಲದಲ್ಲಿ ಒ.ಜಿ.ಎಸ್. ಕ್ರಾಫರ್ಡ್ ಮತ್ತು ಅಲೆಕ್ಸಾಂಡರ್ ಕೈಲರ್ ಆ ಸೀಮೆಯನ್ನೆಲ್ಲ ವಿಮಾನದಿಂದ ಚಿತ್ರಿಸಿ 1928ರಲ್ಲಿ ಪುಸ್ತಕ ತಂದರು. ಆಕಾಶದಿಂದ ಪುರಾತತ್ತ್ವ ಹುಡುಕುವ ವಿದ್ಯೆ ಅಲ್ಲಿ ಬೇರೂರಿತು.

ಮೇಲಿನಿಂದ ನೋಡಿದ್ದು, ಬೆಳೆಗೆ ಕಾದದ್ದು, ಕೊನೆಗೆ ಅಗೆದು ಪರೀಕ್ಷಿಸಿದ್ದು. ಮೊದಲ ಆವಿಷ್ಕಾರದಲ್ಲಿ ಈ ಮೂರೂ ಇದ್ದವು. ಎರಡನೆಯದರಲ್ಲಿ ಮೊದಲ ಮೆಟ್ಟಿಲಲ್ಲೇ ಎಲ್ಲರೂ ನಿಂತುಬಿಟ್ಟರು.

ಬಿದ್ದ ಪೈರಿನ ಹಳೆಯ ಸುದ್ದಿಗಳು

ಪೈರು ಸುತ್ತಾಗಿ ಬೀಳುವ ಸುದ್ದಿ ಇಂಗ್ಲೆಂಡಿಗೆ ಹೊಸದಲ್ಲ. 1678ರ ಕರಪತ್ರವೊಂದರಲ್ಲಿ ಹರ್ಟ್‌ಫರ್ಡ್‌ಷೈರಿನ ರೈತನ ಕತೆ ಬರುತ್ತದೆ. ಕೂಲಿ ಜಾಸ್ತಿ ಕೇಳಿದ ಆಳಿನ ಮೇಲೆ ಸಿಟ್ಟಾಗಿ, ನಿನ್ನ ಬದಲು ಸೈತಾನನೇ ಕೊಯ್ಯಲಿ ಎಂದನಂತೆ. ಬೆಳಗಾಗುವಾಗ ಓಟ್ಸ್ ಹೊಲ ಅಚ್ಚುಕಟ್ಟಾಗಿ ಕಟಾವಾಗಿತ್ತಂತೆ. ಆ ಕರಪತ್ರದ ಚಿತ್ರವನ್ನು ಮೊದಲ ಬೆಳೆ ವೃತ್ತವೆಂದು ಈಗ ಎಲ್ಲರೂ ತೋರಿಸುತ್ತಾರೆ. ಆದರೆ ಕತೆಯಲ್ಲಿರುವುದು ಕೊಯ್ದ ಪೈರು, ಬಾಗಿಸಿದ ಪೈರಲ್ಲ.

ಅದಕ್ಕಿಂತ ನಂಬಬಹುದಾದ ಸಾಕ್ಷಿ 1880ರದು. ಸರ್ರಿ ಸೀಮೆಯ ಹವ್ಯಾಸಿ ವಿಜ್ಞಾನಿ ಜಾನ್ ರ್‍ಯಾಂಡ್ ಕ್ಯಾಪ್ರನ್ 'ನೇಚರ್' ಪತ್ರಿಕೆಗೆ ಕಾಗದ ಬರೆದರು. ಬಿರುಗಾಳಿ ಮಳೆಯ ನಂತರ ಗೋಧಿ ಹೊಲದಲ್ಲಿ ಅಲ್ಲಲ್ಲಿ ದುಂಡನೆಯ ಜಾಗಗಳಲ್ಲಿ ಪೈರು ಮಲಗಿತ್ತು, ನಡುವೆ ಕೆಲವು ದಂಟು ನಿಂತೇ ಇದ್ದವು, ಸುತ್ತ ಪೈರು ಗೋಡೆಯಂತೆ ಹಾಗೇ ಇತ್ತು ಎಂದು ವಿವರಿಸಿ, ಇದು ಸುಳಿಗಾಳಿಯ ಕೆಲಸವಿರಬೇಕು ಎಂದರು. ಗಾಳಿ ಮಳೆಗೆ ಪೈರು ಸರಳ ವೃತ್ತವಾಗಿ ಬೀಳುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಈ ಕಾಗದ ಆಧಾರ.

ಹಾರುವ ತಟ್ಟೆಯ ಮಾತು ಸೇರಿಕೊಂಡದ್ದು ಆಸ್ಟ್ರೇಲಿಯಾದಲ್ಲಿ. 1966ರ ಜನವರಿ 19ರಂದು ಕ್ವೀನ್ಸ್‌ಲ್ಯಾಂಡಿನ ಟಲ್ಲಿ ಎಂಬಲ್ಲಿ ಜಾರ್ಜ್ ಪೆಡ್ಲಿ ಎಂಬ ರೈತ, ಜೌಗಿನಿಂದ ತಟ್ಟೆಯಾಕಾರದ ವಸ್ತುವೊಂದು ಮೇಲಕ್ಕೆದ್ದು ಹೋಯಿತೆಂದು ಹೇಳಿದ. ಅವನು ತೋರಿಸಿದ ಜಾಗದಲ್ಲಿ ಜೊಂಡು ಸುಮಾರು ಒಂಬತ್ತು ಮೀಟರ್ ಅಗಲಕ್ಕೆ ಸುರುಳಿಯಾಗಿ ಮಲಗಿತ್ತು. ಸುದ್ದಿ ದೇಶವೆಲ್ಲ ಹಬ್ಬಿತು. ಆ ಸುದ್ದಿಯನ್ನು ನೆನಪಿನಲ್ಲಿಟ್ಟುಕೊಂಡವರಲ್ಲಿ ಡಗ್ ಬವರ್ ಒಬ್ಬ. ಆಸ್ಟ್ರೇಲಿಯಾದಲ್ಲಿ ಕೆಲಕಾಲ ಇದ್ದು, ಸೌತ್‌ಹ್ಯಾಂಪ್ಟನ್‌ಗೆ ಮರಳಿ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದವನು.

ಒಂದು ಸಂಜೆಯ ಮಾತು

1976ರ ಒಂದು ಸಂಜೆ ವಿಂಚೆಸ್ಟರ್ ಬಳಿಯ ಪಬ್ಬಿನಲ್ಲಿ ಡಗ್ ಬವರ್ ಮತ್ತು ಗೆಳೆಯ ಡೇವ್ ಚಾರ್ಲಿ ಕುಳಿತಿದ್ದರು. ಇಬ್ಬರಿಗೂ ಜಲವರ್ಣದ ಹುಚ್ಚು. ಮಾತಿನ ನಡುವೆ ಟಲ್ಲಿಯ ಕತೆ ಬಂತು. ನಮ್ಮ ಹೊಲದಲ್ಲೂ ಅಂಥದೊಂದು ಮಾಡಿದರೆ ಜನ ತಟ್ಟೆ ಇಳಿಯಿತೆಂದು ನಂಬಬಹುದೇ ಎಂಬ ತುಂಟತನ ಅಲ್ಲಿಂದ ಶುರುವಾಯಿತು.

ಸಲಕರಣೆ ಎಂದರೆ ನಾಲ್ಕಡಿಯ ಹಲಗೆ, ಅದರ ಎರಡು ತುದಿಗೆ ಕಟ್ಟಿದ ಹಗ್ಗ. ಹಗ್ಗವನ್ನು ಕೈಯಲ್ಲಿ ಹಿಡಿದು, ಹಲಗೆಯನ್ನು ಕಾಲಿನಿಂದ ಒತ್ತುತ್ತ ಮುಂದೆ ಸಾಗಬೇಕು. ದಂಟು ಮುರಿಯದೆ ಬುಡದಲ್ಲಿ ಬಾಗಿ ಮಲಗುತ್ತದೆ. ನೇರ ಗೆರೆ ಬೇಕಾದಾಗ ಟೊಪ್ಪಿಗೆಯಿಂದ ತಂತಿಯ ಕುಣಿಕೆಯೊಂದನ್ನು ಕಣ್ಣಿನ ಮುಂದೆ ಇಳಿಬಿಟ್ಟು, ಅದರ ಮೂಲಕ ದೂರದ ಮರಕ್ಕೋ ಮನೆಗೋ ಗುರಿಯಿಟ್ಟು ನಡೆಯುತ್ತಿದ್ದರು. 12 ಮೀಟರ್ ಅಗಲದ ವೃತ್ತಕ್ಕೆ ಅವರಿಗೆ ಬೇಕಾದದ್ದು ಹದಿನೈದು ನಿಮಿಷ.

ಹೊಲದೊಳಗೆ ಹೆಜ್ಜೆ ಗುರುತಿಲ್ಲದೆ ಹೋಗಿದ್ದು ಹೇಗೆ ಎಂಬ ಪ್ರಶ್ನೆಯನ್ನು ಎಲ್ಲರೂ ದೊಡ್ಡದಾಗಿ ಕೇಳುತ್ತಿದ್ದರು. ಉತ್ತರ ಹೊಲದಲ್ಲೇ ಬಿದ್ದಿತ್ತು. ಅಲ್ಲಿನ ವಿಶಾಲ ಹೊಲಗಳಲ್ಲಿ ಔಷಧಿ ಸಿಂಪಡಿಸುವ ಟ್ರ್ಯಾಕ್ಟರ್ ಪ್ರತಿ ಸಲ ಅದೇ ಜಾಡಿನಲ್ಲಿ ಹೋಗುವುದರಿಂದ ಬೆಳೆಯ ನಡುವೆ ಸಾಲು ಸಾಲಾಗಿ ಚಕ್ರದ ದಾರಿ ಉಳಿದಿರುತ್ತದೆ. ಆ ದಾರಿಯಲ್ಲೇ ಒಳಗೆ ಹೋಗಿ, ಅದರಲ್ಲೇ ಹೊರಗೆ ಬಂದರೆ ಮುಗಿಯಿತು.

ಮೊದಲ ಕೆಲವು ಬೇಸಿಗೆ ಯಾರೂ ಇತ್ತ ತಲೆ ಹಾಕಲಿಲ್ಲ. ಬೇಸತ್ತ ಗೆಳೆಯರು 1981ರಲ್ಲಿ ವಿಂಚೆಸ್ಟರ್ ಹೊರಗಿನ ಮ್ಯಾಟರ್ಲಿ ಬೌಲ್ ಎಂಬ ತಗ್ಗಿನ ಹೊಲವನ್ನು ಆರಿಸಿಕೊಂಡರು. ಸುತ್ತಲಿನ ರಸ್ತೆಯಿಂದ ಆ ಹೊಲ ಚೆನ್ನಾಗಿ ಕಾಣುತ್ತದೆ. ಈ ಸಲ ಪತ್ರಿಕೆಯವರು ಬಂದರು, ಅವರ ಹಿಂದೆ ತಜ್ಞರೂ ಬಂದರು.

ತಜ್ಞರ ಸಾಲು

ಟೆರೆನ್ಸ್ ಮೀಡನ್ ಹವಾಮಾನ ಬಲ್ಲವರು. ಸುಂಟರಗಾಳಿಗಳ ದಾಖಲೆಗಾಗಿ 1974ರಲ್ಲಿ ಸಂಸ್ಥೆಯನ್ನೇ ಕಟ್ಟಿದ್ದವರು. ಗುಡ್ಡದ ಮರೆಯಲ್ಲಿ ಹುಟ್ಟುವ ಸುಳಿಗಾಳಿ ಇದಕ್ಕೆ ಕಾರಣ ಎಂದರು. ಸರಳ ವೃತ್ತದ ಮಟ್ಟಿಗೆ ಅದು ಅಸಾಧ್ಯದ ಮಾತೇನಲ್ಲ. ಇದು ಬವರ್ ಮತ್ತು ಚಾರ್ಲಿಯ ಕಿವಿಗೆ ಬಿತ್ತು. ಗಾಳಿಯ ಕೆಲಸವಂತೆ! ಮುಂದಿನ ಬೇಸಿಗೆಗಳಲ್ಲಿ ವೃತ್ತದ ಸುತ್ತ ಉಂಗುರ ಬಂತು, ಮರಿವೃತ್ತ ಬಂತು, ನೇರ ಗೆರೆ ಬಂತು. ಮೀಡನ್ ತಮ್ಮ ಸಿದ್ಧಾಂತಕ್ಕೆ ವಿದ್ಯುದಾವೇಶ ಸೇರಿಸಿದರು, ಪ್ಲಾಸ್ಮಾ ಸೇರಿಸಿದರು. ಹೊಲದಲ್ಲಿ ಗೆರೆ ಹೆಚ್ಚಾದಂತೆಲ್ಲ ಪುಸ್ತಕದಲ್ಲಿ ಸಿದ್ಧಾಂತವೂ ಉದ್ದವಾಯಿತು.

ಇನ್ನೊಂದು ಕಡೆ ಎಂಜಿನಿಯರುಗಳಾದ ಪ್ಯಾಟ್ ಡೆಲ್ಗಾಡೊ ಮತ್ತು ಕಾಲಿನ್ ಆ್ಯಂಡ್ರೂಸ್ ಇದ್ದರು. ಅವರಿಗೆ ಜೊತೆಯಾದ ಬಸ್ಟಿ ಟೇಲರ್ ಪುಟ್ಟ ವಿಮಾನ ಹಾರಿಸುತ್ತ ಮೇಲಿನಿಂದ ಫೋಟೊ ತೆಗೆಯುತ್ತಿದ್ದರು. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದ ಆ ಚಿತ್ರಗಳು ಬಹಳ ಚೆನ್ನಾಗಿದ್ದವು. 1989ರಲ್ಲಿ ಡೆಲ್ಗಾಡೊ ಮತ್ತು ಆ್ಯಂಡ್ರೂಸ್ ಬರೆದ ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಮನುಷ್ಯನಿಗೆ ನಿಲುಕದ ಬುದ್ಧಿಯೊಂದರ ಕೈವಾಡ ಎಂಬ ಧಾಟಿ ಅದರದು. 1990ರ ಜುಲೈಯಲ್ಲಿ ಆಲ್ಟನ್ ಬಾರ್ನ್ಸ್‌ನ ಹೊಲದಲ್ಲಿ ಉದ್ದನೆಯ ಚಿತ್ರಮಾಲೆಯೇ ಕಾಣಿಸಿಕೊಂಡಿತು. ಅದರ ಫೋಟೊ ಅದೇ ವರ್ಷ ಲೆಡ್ ಜೆಪ್ಲಿನ್ ತಂಡದ ಹಾಡಿನ ಸಂಗ್ರಹದ ಮುಖಪುಟಕ್ಕೂ ಏರಿತು.

ವೃತ್ತ ಮೂಡುವ ಗಳಿಗೆಯನ್ನೇ ಕ್ಯಾಮೆರಾದಲ್ಲಿ ಹಿಡಿಯಬೇಕೆಂದು ಅದೇ ತಿಂಗಳು 'ಬ್ಲ್ಯಾಕ್‌ಬರ್ಡ್' ಹೆಸರಿನ ರಾತ್ರಿ ಕಾವಲು ನಡೆಯಿತು. ಬಿಬಿಸಿ ಮತ್ತು ಜಪಾನಿನ ನಿಪ್ಪಾನ್ ಟೆಲಿವಿಷನ್ ಕ್ಯಾಮೆರಾ ಹೂಡಿದವು. ಕತ್ತಲಲ್ಲೂ ಕಾಣುವ ಉಪಕರಣಗಳು ಬಂದವು. ಒಂದು ಬೆಳಗ್ಗೆ ಹೊಲದಲ್ಲಿ ವೃತ್ತಗಳು ಕಂಡವು. ತಜ್ಞರು ಹಿಗ್ಗಿ ಹೇಳಿಕೆ ಕೊಟ್ಟರು. ಹತ್ತಿರ ಹೋಗಿ ನೋಡಿದರೆ ವೃತ್ತದ ನಡುವೆ ಆಟದ ಹಲಗೆ, ಮರದ ಶಿಲುಬೆ! ಯಾರೋ ಬೇಕೆಂದೇ ಇಟ್ಟು ಹೋಗಿದ್ದರು. ಹೇಳಿಕೆ ಕೊಡುವ ಮೊದಲು ನಡೆದು ಹೋಗಿ ನೋಡಿದ್ದರೆ ಅಷ್ಟು ಮುಜುಗರ ಆಗುತ್ತಿರಲಿಲ್ಲ.

ಕಾರಿನ ಮೀಟರು

ಇಷ್ಟೆಲ್ಲ ಕ್ಯಾಮೆರಾ, ವಿಮಾನ, ಸಿದ್ಧಾಂತಗಳಿಗೆ ಸಿಗದ ಸುಳಿವು ಸಿಕ್ಕಿದ್ದು ಡಗ್ ಬವರ್‌ನ ಹೆಂಡತಿಗೆ. ಗಂಡ ರಾತ್ರಿ ಹೊರಗೆ ಹೋಗುತ್ತಾನೆ, ಕಾರು ಓಡಿದ ಮೈಲಿ ವಿಪರೀತ ಏರಿದೆ. ಬೇರೆ ಹೆಣ್ಣಿನ ಸಹವಾಸವೆಂದು ಆಕೆಗೆ ಅನುಮಾನ ಬಂತು. ಸಂಸಾರ ಒಡೆಯುವ ಭಯಕ್ಕೆ ಬವರ್ ನಿಜ ಹೇಳಿದ. ಹೆಂಡತಿಯ ಅನುಮಾನ ಇಲ್ಲದಿದ್ದರೆ ಗುಟ್ಟು ತನ್ನೊಂದಿಗೇ ಸಾಯುತ್ತಿತ್ತು ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ.

ಗೆಳೆಯರಿಬ್ಬರೂ 'ಟುಡೇ' ಪತ್ರಿಕೆಯ ಬಾಗಿಲು ತಟ್ಟಿದರು. ಪತ್ರಿಕೆ ಇಲ್ಲಿ ಜಾಣತನ ತೋರಿಸಿತು. ನಾವೇ ಮಾಡಿದ್ದು ಎಂಬ ಮಾತನ್ನು ಸುಮ್ಮನೆ ಅಚ್ಚು ಹಾಕದೆ, ಕೆಂಟ್ ಸೀಮೆಯ ಹೊಲದಲ್ಲಿ ಇಬ್ಬರಿಂದಲೂ ಒಂದು ಆಕೃತಿ ಮಾಡಿಸಿತು. ಆಮೇಲೆ ಏನೂ ಗೊತ್ತಿಲ್ಲದ ಡೆಲ್ಗಾಡೊ ಅವರನ್ನು ಕರೆಸಿ ತೋರಿಸಿತು. ಅವರು ಪರೀಕ್ಷಿಸಿ, ಇದು ಅಸಲಿ, ಮನುಷ್ಯರು ಮಾಡಲಾಗದ್ದು ಎಂದರು. ಆಮೇಲೆ ಬವರ್, ಚಾರ್ಲಿ ಎದುರಿಗೆ ಬಂದರು. ಮೋಸಹೋದದ್ದನ್ನು ಡೆಲ್ಗಾಡೊ ಒಪ್ಪಿಕೊಂಡರು. 1991ರ ಸೆಪ್ಟೆಂಬರ್ 9ರಂದು ಸುದ್ದಿ ಮುಖಪುಟದಲ್ಲಿ ಬಂತು. ಆಗ ಬವರ್‌ಗೆ 67, ಚಾರ್ಲಿಗೆ 62 ವರ್ಷ. ಮರುವರ್ಷ ಇಬ್ಬರಿಗೂ ಭೌತವಿಜ್ಞಾನದ ಇಗ್ ನೊಬೆಲ್ ಎಂಬ ವಿನೋದದ ಬಹುಮಾನ ಸಿಕ್ಕಿತು.

ಈ ಕತೆಯ ತಿರುಳು ಇರುವುದು ಆ ಪತ್ರಿಕೆಯ ಪರೀಕ್ಷೆಯಲ್ಲಿ. ಅಸಲಿ ಯಾವುದು, ನಕಲಿ ಯಾವುದು ಎಂದು ನೋಡಿದ ಕೂಡಲೇ ಹೇಳಬಲ್ಲೆ ಎಂದವರಿಗೆ, ಮೊದಲೇ ಉತ್ತರ ಗೊತ್ತಿರುವ ಒಂದು ಮಾದರಿ ಕೊಟ್ಟು ನೋಡಬೇಕು. ಹತ್ತು ವರ್ಷ ಯಾರೂ ಕೊಟ್ಟಿರಲಿಲ್ಲ. ನಮ್ಮಲ್ಲಿ, ಬವರ್ ಮತ್ತು ಚಾರ್ಲಿ ಪಬ್ಬಿನಲ್ಲಿ ಕುಳಿತ ಅದೇ 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಅವರು ಕೇಳಿದ್ದೂ ಇಷ್ಟೇ: ಪರೀಕ್ಷೆಗೆ ಒಪ್ಪುವ ಸ್ಥಿತಿಯಲ್ಲಿ ಮಾಡಿ ತೋರಿಸಿ.

ಉಳಿದ ವಾದಗಳ ಗತಿ

ಎಲ್ಲ ವೃತ್ತವನ್ನೂ ಇಬ್ಬರೇ ಮಾಡಿರಲಾರರು ಎಂಬ ವಾದ ಎದ್ದಿತು. ನಿಜವೇ, ಅನುಕರಿಸಿದವರು ಬಹಳ ಮಂದಿ. 1992ರಲ್ಲಿ ವೆಸ್ಟ್ ವೈಕಂಬ್‌ನಲ್ಲಿ ವೃತ್ತ ಮಾಡುವ ಸ್ಪರ್ಧೆಯನ್ನೇ ಇಟ್ಟರು. ಕೊಟ್ಟ ಕಠಿಣ ವಿನ್ಯಾಸವನ್ನು ರಾತ್ರಿಯಲ್ಲಿ ಹೊಲಕ್ಕಿಳಿಸಿ ಗೆದ್ದವರು ಹೆಲಿಕಾಪ್ಟರ್ ಕಾರ್ಖಾನೆಯ ಎಂಜಿನಿಯರುಗಳು. ಅದೇ ವರ್ಷ ಜೋ ನಿಕೆಲ್ ಮತ್ತು ಜಾನ್ ಫಿಷರ್ ದಾಖಲೆಗಳನ್ನು ಹರಡಿ ನೋಡಿದರು. ವರ್ಷದಿಂದ ವರ್ಷಕ್ಕೆ ವೃತ್ತಗಳ ಸಂಖ್ಯೆಯೂ ಜಟಿಲತೆಯೂ ಏರುತ್ತಿತ್ತು, ಹೆಚ್ಚಿನವು ದಕ್ಷಿಣ ಇಂಗ್ಲೆಂಡಿನಲ್ಲೇ ಇದ್ದವು, ಯಾರಾದರೂ ನೋಡುತ್ತಿದ್ದರೆ ವೃತ್ತ ಮೂಡುತ್ತಲೇ ಇರಲಿಲ್ಲ. ಗಾಳಿಗೆ ಇಷ್ಟು ನಾಚಿಕೆ ಇರುವುದಿಲ್ಲ.

ದಂಟಿನ ಗಣ್ಣುಗಳು ಉದ್ದವಾಗಿವೆ, ಬಾಗಿವೆ, ಇದು ಯಾವುದೋ ಶಾಖದ ಗುರುತು ಎಂದೂ ಕೆಲವರು ಹೇಳಿದರು. ಗೋಧಿ, ಭತ್ತ, ಹುಲ್ಲಿನ ಜಾತಿಯ ಯಾವ ದಂಟೇ ಆಗಲಿ, ಹಸಿಯಿರುವಾಗ ಅಡ್ಡ ಬಿದ್ದರೆ ಗಣ್ಣಿನ ಕೆಳಮಗ್ಗುಲು ಬೇಗ ಬೆಳೆದು ತಲೆಯನ್ನು ಮತ್ತೆ ಮೇಲಕ್ಕೆತ್ತುತ್ತದೆ. ಬಿದ್ದ ಕೆಲವು ದಿನದಲ್ಲೇ ಇದು ಕಣ್ಣಿಗೆ ಕಾಣುತ್ತದೆ. ಗದ್ದೆ ಮಾಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಗುಟ್ಟು ಬಯಲಾದರೂ ವೃತ್ತಗಳು ನಿಲ್ಲಲಿಲ್ಲ, ಇನ್ನೂ ಅಂದವಾದವು. 2001ರಲ್ಲಿ ವಿಲ್ಟ್‌ಷೈರಿನ ಮಿಲ್ಕ್ ಹಿಲ್ ಮೇಲೆ 409 ವೃತ್ತಗಳ ಸುರುಳಿಯೊಂದು ಮೂಡಿತು. ಅದನ್ನು ಬಯಲು ಚಿತ್ರಕಲೆ ಎಂದು ಮೆಚ್ಚಬಹುದು. ಇತ್ತ ಇನ್ಸಾಲ್ ಅವರ ದಾರಿಯೂ ಮುಚ್ಚಿಲ್ಲ. 2018ರ ಬರದ ಬೇಸಿಗೆಯಲ್ಲಿ, ಜುಲೈ 10ರಂದು, ಐರ್ಲೆಂಡಿನ ನ್ಯೂಗ್ರೇಂಜ್ ಹತ್ತಿರ ಆಂಥನಿ ಮರ್ಫಿ ಮತ್ತು ಕೆನ್ ವಿಲಿಯಮ್ಸ್ ಡ್ರೋನ್ ಹಾರಿಸಿದಾಗ, ಒಣಗಿದ ಹೊಲದಲ್ಲಿ ಅದುವರೆಗೆ ಯಾರಿಗೂ ಗೊತ್ತಿರದ ಪುರಾತನ ವರ್ತುಲವೊಂದು ಹಸಿರು ಗೆರೆಯಾಗಿ ಕಂಡಿತು. ಅವರು ತಡಮಾಡದೆ ಪುರಾತತ್ತ್ವ ತಜ್ಞರ ಗಮನಕ್ಕೆ ತಂದರು.

ನಮ್ಮ ಗದ್ದೆಯ ವೃತ್ತಗಳು

ಈ ಪಾಠವನ್ನು ಠಾಣೆ ಜಿಲ್ಲೆಯ ಗದ್ದೆಗೆ ತಂದು ನೋಡೋಣ. ಇಲ್ಲಿನ ಭತ್ತದ ಗದ್ದೆ ಇಂಗ್ಲೆಂಡಿನ ಹೊಲದಂತೆ ನೂರಾರು ಮೀಟರ್ ಎಡೆಬಿಡದೆ ಹರಡಿದ್ದಲ್ಲ. ಸಣ್ಣ ಸಣ್ಣ ಮಡಿ, ನಡುವೆ ಬದು. ಟ್ರ್ಯಾಕ್ಟರಿನ ಜಾಡೂ ಇಲ್ಲ. ಕೆಸರು ಆರದ ಗದ್ದೆಗೆ ರಾತ್ರಿ ಇಳಿದವನ ಹೆಜ್ಜೆ ಬೆಳಗ್ಗೆ ಎಲ್ಲರಿಗೂ ಕಾಣುತ್ತದೆ. ಬವರ್ ಮತ್ತು ಚಾರ್ಲಿ ಇಲ್ಲಿ ಹುಟ್ಟಿದ್ದರೆ ಮೊದಲ ರಾತ್ರಿಯೇ ಸಿಕ್ಕಿಬೀಳುತ್ತಿದ್ದರು.

ಆದರೂ ಉರುಟು ಗುರುತುಗಳಿಗೆ ಇಲ್ಲಿ ಬರವಿಲ್ಲ. ಯೂರಿಯಾ ಹೆಚ್ಚಾದ ಕಡೆ ಪೈರು ಸೊಕ್ಕಿ ಎತ್ತರವಾಗಿ, ದಂಟು ಮೆದುವಾಗಿ, ಮಳೆಗಾಳಿಗೆ ಗುಂಪಾಗಿ ಬೀಳುತ್ತದೆ. ಕಂದು ಜಿಗಿಹುಳು ಬಿದ್ದರಂತೂ ನಿಜವಾದ ವೃತ್ತವೇ ಮೂಡುತ್ತದೆ. ದಂಟಿನ ಬುಡದಲ್ಲಿ ಗುಂಪುಗಟ್ಟಿ ರಸ ಹೀರುವ ಈ ಹುಳು ಒಂದು ಕಡೆ ಶುರುಮಾಡಿ ಸುತ್ತಲೂ ಹರಡುವುದರಿಂದ, ಹಸಿರು ಗದ್ದೆಯ ನಡುವೆ ಬೆಂಕಿ ತಗುಲಿದಂಥ ದುಂಡನೆಯ ಕಂದು ತೇಪೆ ಕಾಣುತ್ತದೆ. ಮೇ ತಿಂಗಳಲ್ಲಿ ಸಸಿಮಡಿಗೆ ಸೊಪ್ಪು, ಸಗಣಿ ಹರಡಿ ಸುಡುವ 'ರಾಬ್' ಪದ್ಧತಿ ಮುರಬಾಡ, ಶಹಾಪುರದ ಕಡೆಯದು, ಅದೂ ಬೆಟ್ಟದಿಂದ ಕರಿ ತೇಪೆಯಾಗಿ ಕಾಣುತ್ತದೆ. ಕೊಯ್ಲಿನ ನಂತರ ನಡುವೆ ಮೇಟಿ ನೆಟ್ಟು ದನ ಸುತ್ತಿಸುತ್ತಿದ್ದ ಕಣ ಮೊದಲಿನಿಂದಲೂ ವೃತ್ತವೇ.

ಡೊಂಬಿವಲಿ, ಠಾಣೆಯ ಕನ್ನಡಿಗರಲ್ಲಿ ಉಡುಪಿ, ದಕ್ಷಿಣ ಕನ್ನಡದ ಗದ್ದೆ ಬಿಟ್ಟು ಬಂದವರು ಹಲವರು. ಅಂಥ ಫೋಟೊ ಬಂದಾಗ ಮನೆಯ ಹಿರಿಯರಿಗೆ ಒಮ್ಮೆ ತೋರಿಸಿ. ಹುಳುವೋ, ಗಾಳಿಯೋ, ಗೊಬ್ಬರವೋ ಎಂದು ಅವರು ಅಂದಾಜಿಸಿಯಾರು. ರೋಗವೆಂಬ ಅನುಮಾನವಿದ್ದರೆ ಭತ್ತಕ್ಕೆಂದೇ ಕೆಲಸ ಮಾಡುವ ಸಂಶೋಧನಾ ಕೇಂದ್ರ ಪಕ್ಕದ ಕರ್ಜತ್‌ನಲ್ಲಿದೆ.

ಫೋಟೊ ತೆಗೆಯುವ ಹವ್ಯಾಸವಿದ್ದವರಿಗೆ ಕೆಲವು ಮಾತು. ನೆತ್ತಿಯ ಬಿಸಿಲಿನಲ್ಲಿ ಬಿದ್ದ ಪೈರಿಗೂ ನಿಂತ ಪೈರಿಗೂ ವ್ಯತ್ಯಾಸ ತಿಳಿಯುವುದಿಲ್ಲ, ಬೆಳಗ್ಗೆ ಅಥವಾ ಸಂಜೆ ನೆರಳು ಉದ್ದವಾಗಿರುವಾಗ ತೆಗೆಯಿರಿ. ಓರೆಯಾಗಿ ತೆಗೆದ ಚಿತ್ರದಲ್ಲಿ ಮೊಟ್ಟೆಯಾಕಾರವೂ ವೃತ್ತವಾಗಿ ಕಂಡು ಮೋಸಮಾಡುತ್ತದೆ, ಆದ್ದರಿಂದ ಎರಡು ಮೂರು ದಿಕ್ಕಿನಿಂದ ತೆಗೆಯಿರಿ. ಅಳತೆ ತಿಳಿಯಲು ಚೌಕಟ್ಟಿನಲ್ಲಿ ಮನುಷ್ಯನೋ ಎತ್ತೋ ಇರಲಿ. ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಹತ್ತು ಮೀಟರ್. ಬವರ್ ಮಾಡಿದ 12 ಮೀಟರ್ ವೃತ್ತ ಅದರಲ್ಲಿ ಹೆಚ್ಚುಕಡಿಮೆ ಒಂದೇ ಚುಕ್ಕೆ, ಅಂಥ ಚಿತ್ರ ಸಾಕ್ಷಿಗೆ ಸಾಲದು. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮದಂತೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯ ನೋಡಿಕೊಳ್ಳಬೇಕು. ನವಿ ಮುಂಬಯಿಯಲ್ಲಿ ಈಗ ವಿಮಾನ ನಿಲ್ದಾಣವಿದೆ, ಸುತ್ತಲಿನ ಆಕಾಶ ಮೊದಲಿನಂತೆ ಖಾಲಿಯಲ್ಲ. ಇಷ್ಟಾದ ಮೇಲೆ ಕೆಳಗಿಳಿದು, ಹಿಂದಿನ ರಾತ್ರಿ ಏನಾಯಿತು ಎಂದು ಗದ್ದೆಯವರನ್ನೇ ಕೇಳಿ. ಫೋಟೊ ಪ್ರಶ್ನೆ ಎತ್ತುತ್ತದೆ ಅಷ್ಟೇ, ಉತ್ತರ ನೆಲದ ಮೇಲೆ ಸಿಗುತ್ತದೆ.

ಕೇಳಲು ಹೋದಾಗ ಬದುವಿನ ಮೇಲೆಯೇ ನಿಲ್ಲಿ. 1992ರಲ್ಲಿ ಹಂಗೇರಿಯ ಸೇಕೆಶ್‌ಫೆಹೇರ್ವಾರ್ ಬಳಿ ಇಬ್ಬರು ವಿದ್ಯಾರ್ಥಿಗಳು ಗೋಧಿಯಲ್ಲಿ 36 ಮೀಟರಿನ ವೃತ್ತ ಮಾಡಿ, ಅದನ್ನು ಟೀವಿಯಲ್ಲಿ ಒಪ್ಪಿಕೊಂಡರು. ಹೊಲದ ಕಂಪನಿ 6,30,000 ಫೋರಿಂಟ್ ನಷ್ಟ ಕೇಳಿ ಕೋರ್ಟಿಗೆ ಹೋಯಿತು. ಹುಡುಗರ ಪಾಲಿನ ನಷ್ಟ ಸುಮಾರು 6,000 ಫೋರಿಂಟ್ ಮಾತ್ರ ಎಂದು ತೀರ್ಪಾಯಿತು. ಉಳಿದ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬೆಳೆಯನ್ನು ತುಳಿದು ಹಾಳುಮಾಡಿದವರು ವೃತ್ತ ನೋಡಲು ಬಂದ ಜನ.